ಲೀಡ್ಸಿನ ಪಬ್ಬು, ಪಾಳ್ಯದ ಜಗಳ

1986ರ ಏಪ್ರಿಲ್ ಕೊನೆಯಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡೈರ್ ಸ್ಟ್ರೇಟ್ಸ್ ತಂಡದ ವಿಶ್ವಪ್ರವಾಸ ಮುಗಿಯಿತು. ಒಂದು ವರ್ಷ ದೇಶದಿಂದ ದೇಶಕ್ಕೆ ಅಲೆದು, ಇನ್ನೂರಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟು ದಣಿದಿದ್ದ ತಂಡ ಅದು. ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಮ್ ಆಗ ಎಲ್ಲೆಲ್ಲೂ ಕೇಳುತ್ತಿತ್ತು. ತಂಡದ ಗಿಟಾರ್ ವಾದಕ ಮಾರ್ಕ್ ನಾಫ್ಲರ್ ಬಯಸಿದ್ದರೆ ಯಾವ ಕ್ರೀಡಾಂಗಣವನ್ನಾದರೂ ತುಂಬಿಸಬಹುದಿತ್ತು. ಆತ ಹೋದದ್ದು ಇಂಗ್ಲೆಂಡಿನ ಲೀಡ್ಸ್ ನಗರದ ಹೋಲ್‌ಬೆಕ್ ಎಂಬ ಕಾರ್ಖಾನೆ ಬಡಾವಣೆಗೆ. ಮೇ 31ರ ಸಂಜೆ ಅಲ್ಲಿನ ಗ್ರೋವ್ ಎಂಬ ಪಬ್ಬಿನಲ್ಲಿ ಸ್ಟೀವ್ ಫಿಲಿಪ್ಸ್, ಬ್ರೆಂಡನ್ ಕ್ರೋಕರ್ ಎಂಬಿಬ್ಬರು ಹಳೆಯ ಗೆಳೆಯರ ಪಕ್ಕ ಕೂತು ಗಿಟಾರ್ ನುಡಿಸಿದ. ನಾಟಿಂಗ್ ಹಿಲ್‌ಬಿಲ್ಲೀಸ್ ಎಂಬ ತಂಡ ಶುರುವಾದದ್ದು ಹಾಗೆ. ಅವರ ಆಲ್ಬಮ್ ಬಂದದ್ದು ಮತ್ತೆ ನಾಲ್ಕು ವರ್ಷ ಬಿಟ್ಟು, 1990ರಲ್ಲಿ. ಆ ಆಲ್ಬಮ್ಮಿನ ಪ್ರವಾಸದಲ್ಲಿ ಡ್ರಮ್ಸ್ ಬಾರಿಸಿದವನು ಡೈರ್ ಸ್ಟ್ರೇಟ್ಸ್‌ನ ಮ್ಯಾನೇಜರ್ ಎಡ್ ಬಿಕ್ನೆಲ್. ಲೆಕ್ಕಪತ್ರ ನೋಡುವವನೇ ಡ್ರಮ್ಸ್ ಹಿಂದೆ ಕೂತರೆ ಅದು ವ್ಯವಹಾರ ಅಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ನಾಫ್ಲರ್ ಹೊಟ್ಟೆಪಾಡಿಗೆ ಮೊದಲು ಹಿಡಿದದ್ದು ಪೆನ್ನು, ಗಿಟಾರಲ್ಲ. ಲೀಡ್ಸಿನ ‘ಯಾರ್ಕ್‌ಷೈರ್ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ವರದಿಗಾರ. 1970ರ ಸೆಪ್ಟೆಂಬರಿನಲ್ಲಿ ಆ ಕೆಲಸ ಬಿಡುವ ದಿನ ಕೊನೆಯದಾಗಿ ಬರೆದದ್ದು ಜಿಮಿ ಹೆಂಡ್ರಿಕ್ಸ್‌ನ ಸಾವಿನ ಸುದ್ದಿ. ಸ್ಟೀವ್ ಫಿಲಿಪ್ಸ್‌ನ ಪರಿಚಯವಾದದ್ದೂ ಆ ವರದಿಗಾರಿಕೆಯ ದಿನಗಳಲ್ಲೇ. ಇಬ್ಬರೂ ಸೇರಿ ಊರಿನ ಪಬ್ಬುಗಳಲ್ಲಿ ಹಳೆಯ ಬ್ಲೂಸ್ ನುಡಿಸುತ್ತಿದ್ದರು. ಅಂದರೆ 1986ರ ಆ ಸಂಜೆ ಆತ ಹೊಸತೇನನ್ನೂ ಮಾಡಲಿಲ್ಲ, ಬಿಟ್ಟುಬಂದ ಕೆಲಸಕ್ಕೆ ಮರಳಿ ಹೋದ, ಅಷ್ಟೆ.

ಹಾಸನದಿಂದ ಸಕಲೇಶಪುರಕ್ಕೆ ಹೋಗುವ ದಾರಿಯಲ್ಲಿ, ಆಲೂರು ತಾಲೂಕಿನ ಪಾಳ್ಯದಲ್ಲಿ, ಈ ಲೀಡ್ಸಿನ ಪಬ್ಬು ಇವತ್ತಿಗೂ ಜಗಳದ ವಸ್ತು. ಜಗಳ ಆಡುವವರು ನಾಲ್ಕೈದು ಜನ. ಎಲ್ಲರೂ ಅರವತ್ತು ದಾಟಿದವರು. ಇಬ್ಬರು ಕಾಫಿ ಬೆಳೆಗಾರರು, ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ, ಇನ್ನೊಬ್ಬರು ಮೆಣಸು ಏಲಕ್ಕಿ ವ್ಯಾಪಾರದವರು. ನಾನು ನಡುವೆ ಬಾಯಿ ಹಾಕುವವನು. ರಾಕ್ ಸಂಗೀತ ಈ ಗುಡ್ಡಗಳಿಗೆ ಬಂದದ್ದು ಬೆಂಗಳೂರಿನ ಹಾಸ್ಟೆಲ್ಲುಗಳಿಂದ. ರಜೆಗೆ ಬರುವ ಬೆಳೆಗಾರರ ಮಕ್ಕಳ ಟ್ರಂಕಿನಲ್ಲಿ ಒಂದೆರಡು ಎಲ್‌ಪಿ, ಆಮೇಲಾಮೇಲೆ ಕ್ಯಾಸೆಟ್ಟು, ಅಪರೂಪಕ್ಕೊಂದು ಕೋಲ್ಕತ್ತದ ಗಿವ್ಸನ್ ಗಿಟಾರು. ಕರೆಂಟು ಹೋದರೆ ಹಾಡೂ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಆದ್ದರಿಂದ ಕೇಳಿದ್ದಕ್ಕಿಂತ ಕೇಳಿದ್ದರ ಬಗ್ಗೆ ಮಾತಾಡಿದ್ದೇ ಹೆಚ್ಚು. ಆ ಅಭ್ಯಾಸ ಇನ್ನೂ ಹೋಗಿಲ್ಲ.

ಜಗಳದ ಮೂಲ ಹೀಗಿದೆ. ಬ್ಯಾಂಕಿನವರ ಪ್ರಕಾರ ದೊಡ್ಡ ಕಲಾವಿದನ ದೊಡ್ಡತನ ಗೊತ್ತಾಗುವುದೇ ಅವನು ಸಣ್ಣ ಕೋಣೆಗೆ ಬಂದಾಗ. ದೀಪದ ಆಟವಿಲ್ಲ, ಹೊಗೆ ಬಿಡುವ ಯಂತ್ರವಿಲ್ಲ, ಬೆರಳು ತಪ್ಪಿದರೆ ಎದುರಿನ ಕುರ್ಚಿಯವನಿಗೆ ಕಾಣುತ್ತದೆ. ಬೆಂಗಳೂರಿನಲ್ಲಿ ಮೂವತ್ತು ವರ್ಷದಿಂದ ನುಡಿಸುತ್ತಿರುವ ಗಿಟಾರ್ ವಾದಕರು ಐವತ್ತು ಅರವತ್ತು ಜನರ ಮುಂದೆ ಕೂತು ಬಾರಿಸುವುದನ್ನು ಅವರು ಈ ಸಾಲಿಗೇ ಸೇರಿಸುತ್ತಾರೆ. ಮೆಣಸಿನ ವ್ಯಾಪಾರಿಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ.

‘ಅವ್ನು ಬೇಕಂತ ಹೋದ ಕಣಣ್ಣ. ಮಾರನೇ ದಿನ ಬೇಕಾದ್ರೆ ಸ್ಟೇಡಿಯಂ ಇತ್ತು ಅವ್ನಿಗೆ. ನಮ್ಮೋರು ಬೇರೆ ಜಾಗಾನೇ ಇಲ್ದೆ ಹೋದ್ರು. ಎರಡೂ ಒಂದೇನಾ?’

ಈ ಮಾತಿಗೆ ಬ್ಯಾಂಕಿನವರ ಬಳಿ ನೇರ ಉತ್ತರವಿಲ್ಲ. ಅವರು ಯಕ್ಷಗಾನಕ್ಕೆ ಹಾರುತ್ತಾರೆ. ಘಟ್ಟದ ಕೆಳಗೆ ಮೇಳಗಳ ತಿರುಗಾಟ ಪತ್ತನಾಜೆಗೆ ನಿಂತ ಮೇಲೆ, ಮಳೆಗಾಲದಲ್ಲಿ ಕಲಾವಿದರು ಮೂರ್ನಾಲ್ಕು ಜನರ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ನಡುಮನೆಯಲ್ಲಿ ದೀಪ ಹಚ್ಚಿ, ಹತ್ತು ಹದಿನೈದು ನಿಮಿಷದ ಪ್ರಸಂಗದ ತುಣುಕು ಆಡಿ, ಮನೆಯವರು ಕೊಟ್ಟದ್ದನ್ನು ಪಡೆದು ಮುಂದಿನ ಮನೆಗೆ. ಬಯಲಿನಲ್ಲಿ ಸಾವಿರ ಜನರ ಮುಂದೆ ಕುಣಿದವರು ಮನೆಯ ಅಜ್ಜಿಯ ಎದುರು ಅಷ್ಟೇ ಬೆವರು ಹರಿಸುತ್ತಾರೆ. ಅದನ್ನು ಯಾರೂ ಇಳಿಕೆ ಅಂತ ಎಣಿಸುವುದಿಲ್ಲವಲ್ಲ ಎನ್ನುವುದು ಅವರ ವಾದ. ವ್ಯಾಪಾರಿ ಅದಕ್ಕೂ ಸಿದ್ಧ: ‘ಅವ್ರಿಗೆ ಮಳೆಗಾಲ ಮುಗಿದ್ ಮೇಲೆ ಮೇಳ ಐತೆ. ಇವ್ರಿಗೆ ವರ್ಷವಿಡೀ ಮಳೆಗಾಲ.’

ನಾನು ವ್ಯಾಪಾರಿಯ ಪಕ್ಷ. ಯಾಕೆಂದರೆ ಈ ಕಥೆಯನ್ನು ಹಿಂದಕ್ಕೆ ಹಿಡಿದು ಹೋದರೆ, ನಮ್ಮಲ್ಲಿ ರಾಕ್ ಗಿಟಾರ್ ಸಣ್ಣ ಕೋಣೆಯಿಂದ ಹೊರಗೆ ಬಂದದ್ದೇ ಅಪರೂಪ.

ಹಿಂದಕ್ಕೆ ಹೋದರೆ ಮೊದಲು ಸಿಗುವುದು ಮುಂಬೈ, ಕೊಲಾಬಾದ ಸ್ಲಿಪ್ ಡಿಸ್ಕ್ ಎಂಬ ಪುಟ್ಟ ಡಿಸ್ಕೊ. 1972ರಲ್ಲಿ ಲೆಡ್ ಜೆಪ್ಲಿನ್‌ನ ಗಿಟಾರ್ ವಾದಕ ಜಿಮ್ಮಿ ಪೇಜ್ ಮತ್ತು ಗಾಯಕ ರಾಬರ್ಟ್ ಪ್ಲಾಂಟ್ ಮುಂಬೈಗೆ ಬಂದು, ಅಲ್ಲಿನ ವಾದ್ಯಗಾರರನ್ನು ಕೂಡಿಸಿ ‘ಫ್ರೆಂಡ್ಸ್’, ‘ಫೋರ್ ಸ್ಟಿಕ್ಸ್’ ಎಂಬ ತಮ್ಮ ಎರಡು ಹಾಡುಗಳನ್ನು ಧ್ವನಿಮುದ್ರಿಸಿಕೊಂಡರು. ತಬಲಾ, ಸಾರಂಗಿ, ಪಿಟೀಲುಗಳಿರುವ ಆ ಧ್ವನಿಮುದ್ರಣ ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ, ‘ಕೋಡಾ’ ಆಲ್ಬಮ್ಮಿನ ಮರುಮುದ್ರಣದ ಜೊತೆ. ನಲವತ್ತಮೂರು ವರ್ಷ ಪೆಟ್ಟಿಗೆಯಲ್ಲಿತ್ತು! ಇದೇ ಭೇಟಿಯ ಒಂದು ರಾತ್ರಿ ಇಬ್ಬರೂ ಸ್ಲಿಪ್ ಡಿಸ್ಕ್‌ಗೆ ಕಾಲಿಟ್ಟರು. ಪೇಜ್ ಅಲ್ಲಿದ್ದವರ ಗಿಟಾರ್ ಇಸಿದುಕೊಂಡು ನುಡಿಸಿದ, ಪ್ಲಾಂಟ್ ಹಾಡಿದ, ಊರಿನ ಹುಡುಗರು ಜೊತೆಗೂಡಿದರು. ಯಾವ ಹಾಡು, ಎಷ್ಟು ಹೊತ್ತು, ಯಾರ ಗಿಟಾರು ಎಂಬುದಕ್ಕೆ ಕೇಳಿದಷ್ಟು ಉತ್ತರ. ಆ ರಾತ್ರಿ ಅಲ್ಲಿದ್ದೆ ಎನ್ನುವವರನ್ನೆಲ್ಲ ಒಟ್ಟುಗೂಡಿಸಿದರೆ ಸ್ಲಿಪ್ ಡಿಸ್ಕ್ ಅಲ್ಲ, ವಾಂಖೆಡೆ ಕ್ರೀಡಾಂಗಣವೂ ಸಾಲದು.

ಅದೇ ಸ್ಲಿಪ್ ಡಿಸ್ಕ್‌ನಲ್ಲಿ ನುಡಿಸಿದ ಬೆಂಗಳೂರಿನ ತಂಡ ಹ್ಯೂಮನ್ ಬಾಂಡೇಜ್. ಗಿಟಾರಿನಲ್ಲಿ ಸುರೇಶ್ ಶೋಥಂ, ಡ್ರಮ್ಸ್‌ನಲ್ಲಿ ಅವರ ಸಹೋದರ ರಮೇಶ್, ಹಾಡಿಗೆ ರಾಧಾ. ಎಪ್ಪತ್ತರ ದಶಕದ ಮೊದಲರ್ಧದಲ್ಲಿ ದೇಶ ಸುತ್ತಿದ ತಂಡ. ಅವರನ್ನು ಕಂಡವರು ಕಣ್ಣರಳಿಸಿ ಹೇಳುತ್ತಾರೆ. ಆದರೆ ಆ ಕಾಲದ ಅವರ ಒಂದು ಎಲ್‌ಪಿಯೂ ನಮ್ಮ ಗುಡ್ಡದ ಯಾರ ಕೈಗೂ ಬರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಸಿನಿಮಾ ಹಾಡಿನ ಒಂದೊಂದು ರೀಲನ್ನೂ ಕಾಪಾಡಿದ ಕಂಪನಿಗಳಿಗೆ, ನಮ್ಮ ಹುಡುಗರು ಗಿಟಾರ್ ಹಿಡಿದು ನುಡಿಸಿದ್ದನ್ನು ಮುದ್ರಿಸಿಕೊಳ್ಳಬೇಕು ಅನಿಸಲಿಲ್ಲ. ಸಿಮ್ಲಾ ಸಿಗರೇಟಿನ ಪ್ರಚಾರಕ್ಕೆ ನಡೆದ ‘ಸಿಮ್ಲಾ ಬೀಟ್’ ಸ್ಪರ್ಧೆಯವರು 1970 ಮತ್ತು 71ರಲ್ಲಿ ಒಂದೊಂದು ಎಲ್‌ಪಿ ತಂದದ್ದರಿಂದ ಆ ಕಾಲದ ಕೆಲವು ತಂಡಗಳ ಸದ್ದಾದರೂ ಉಳಿಯಿತು. ಸಿಗರೇಟಿಗೆ ನಾವು ಇಷ್ಟಾದರೂ ಕೃತಜ್ಞರಾಗಿರಬೇಕು.

ಹ್ಯೂಮನ್ ಬಾಂಡೇಜ್‌ನವರ ಮುಂದಿನ ದಾರಿ ನನಗೆ ತಂಡದ ಕಥೆಗಿಂತ ಹೆಚ್ಚು ಇಷ್ಟ. ರಾಕ್ ಡ್ರಮ್ಸ್ ಬಾರಿಸುತ್ತಿದ್ದ ರಮೇಶ್, ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ಗೆ ಹೋಗಿ ತವಿಲ್ ಕಲಿತರು; ಆಮೇಲೆ ಜರ್ಮನಿಯ ಕಲೋನ್‌ನಲ್ಲಿ ನೆಲೆಸಿ ಯುರೋಪಿನ ಜಾಝ್ ಬಳಗದಲ್ಲಿ ಹೆಸರಾದರು. ಇದೇ ಕಾಲೇಜಿನವರ ಜೊತೆ, ಆರ್.ಎ. ರಮಾಮಣಿ ಅವರ ಗಾಯನದೊಂದಿಗೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ ‘ಜ್ಯೋತಿ’ ಆಲ್ಬಮ್ ತಂದ. ರಾಧಾ ನ್ಯೂಯಾರ್ಕಿಗೆ ಹೋಗಿ, ಜಪಾನಿನ ಗಿಟಾರ್ ವಾದಕ ರ್‍ಯೊ ಕವಾಸಾಕಿಯ ಆಲ್ಬಮ್ಮಿನಲ್ಲಿ ಹಾಡಿ, ಎಷ್ಟೋ ವರ್ಷದ ಮೇಲೆ ರಾಧಾ ಥಾಮಸ್ ಆಗಿ ಬೆಂಗಳೂರಿಗೆ ಮರಳಿದರು. ಆಮೇಲೆ ಅವರು ಕಟ್ಟಿದ ಜಾಝ್ ತಂಡದಲ್ಲಿ ಗಿಟಾರ್ ಹಿಡಿದವರು ಪತ್ರಿಕಾ ಸಂಪಾದಕ ರಾಮ್‌ಜೀ ಚಂದ್ರನ್. ಲೀಡ್ಸಿನಲ್ಲೂ ಪತ್ರಕರ್ತ, ಬೆಂಗಳೂರಿನಲ್ಲೂ ಪತ್ರಕರ್ತ. ಸಂಬಳ ಸಾಲದ ವೃತ್ತಿಯವರಿಗೆ ಗಿಟಾರಿನ ಮೇಲೆ ಅದೇನು ಮೋಹವೋ.

ಎಂಬತ್ತರ ದಶಕದಲ್ಲಿ ಹೇಳಿಕೊಳ್ಳುವಂಥದ್ದು ನಮ್ಮವರ ನೆನಪಿನಲ್ಲಿ ಹೆಚ್ಚಿಲ್ಲ. ಕಾಲೇಜು ಉತ್ಸವ, ಬಾಡಿಗೆ ಆಂಪ್ಲಿಫೈಯರ್, ಅರ್ಧಕ್ಕೆ ನಿಂತ ಕಾರ್ಯಕ್ರಮ. ತೊಂಬತ್ತರ ನಡುವಿನಿಂದ ಆಗಸ್ಟ್ 15ರ ಆಸುಪಾಸು ಬೆಂಗಳೂರಿನಲ್ಲಿ ‘ಫ್ರೀಡಂ ಜಾಮ್’ ನಡೆಯತೊಡಗಿತು. ಟಿಕೆಟ್ಟಿಲ್ಲ, ಯಾವ ತಂಡ ಬೇಕಾದರೂ ಬರಬಹುದು. 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡ ಹುಟ್ಟಿತು. ಗಿಟಾರು, ಹಾಡು ಎರಡೂ ಬ್ರೂಸ್ ಲೀ ಮಣಿ ಅವರದು. ಡ್ರಮ್ಸ್ ರಾಜೀವ್ ರಾಜಗೋಪಾಲ್. ಬೇರೆಯವರ ಹಾಡು ಬಾರಿಸಿ ಚಪ್ಪಾಳೆ ಗಿಟ್ಟಿಸುವುದೇ ರೂಢಿಯಾಗಿದ್ದ ಊರಿನಲ್ಲಿ ಇವರು ತಮ್ಮದೇ ಹಾಡು ಕಟ್ಟಿದರು, ಅದಕ್ಕೆ ಬೆಂಗಳೂರು ರಾಕ್ ಅಂತ ಹೆಸರಿಟ್ಟುಕೊಂಡರು. 2002ರಲ್ಲಿ ‘ಜುಪಿಟರ್ ಕೆಫೆ’, 2012ರಲ್ಲಿ ಮೂರು ಡಿಸ್ಕಿನ ‘3 ವೀಲ್ಸ್ 9 ಲೈವ್ಸ್’. ಡೀಪ್ ಪರ್ಪಲ್, ಜೆಥ್ರೊ ಟಲ್‌ನಂಥವರ ಕಾರ್ಯಕ್ರಮಕ್ಕೆ ಮುಂಚೆ ವೇದಿಕೆ ಹತ್ತಿದ ತಂಡ ಇದು. ಇಷ್ಟಾಗಿಯೂ ಹೊಟ್ಟೆ ತುಂಬಲು ಪಾಠ ಹೇಳಬೇಕಾಯಿತು. 2010ರಲ್ಲಿ ಅವರದೇ ಸಂಗೀತ ಶಾಲೆ ಶುರುವಾಯಿತು. ದೊಡ್ಡ ವೇದಿಕೆ ಇವರ ಪಾಲಿಗೆ ಪರಊರಿನವರು ಬಂದಾಗ ಅರ್ಧ ಗಂಟೆ ಸಿಗುವ ಜಾಗ. ಉಳಿದ ದಿನಗಳೆಲ್ಲ ಪಬ್ಬು, ಕೆಫೆ, ಸಣ್ಣ ಸಭಾಂಗಣ.

2001ರಿಂದ ಆರೇಳು ವರ್ಷ ಬೆಂಗಳೂರಿಗೆ ಹಬ್ಬವೋ ಹಬ್ಬ. ಡೀಪ್ ಪರ್ಪಲ್, ರೋಜರ್ ವಾಟರ್ಸ್, ರೋಲಿಂಗ್ ಸ್ಟೋನ್ಸ್, ಐರನ್ ಮೇಡನ್ ಎಲ್ಲರೂ ಬಂದರು. ಪಾಳ್ಯದಿಂದ ಜೀಪು ಮಾಡಿಕೊಂಡು ಹೋದವರಿದ್ದಾರೆ. ಮಾರ್ಕ್ ನಾಫ್ಲರ್ ಬಂದದ್ದು 2005ರ ಮಾರ್ಚಿನಲ್ಲಿ, ಅರಮನೆ ಮೈದಾನಕ್ಕೆ. ಅಷ್ಟು ದೂರದಿಂದ ಬಟಾಣಿ ಕಾಳಿನಷ್ಟು ಕಂಡ, ಗಿಟಾರ್ ಮಾತ್ರ ಕಿವಿಯ ಪಕ್ಕದಲ್ಲೇ ಕೇಳಿಸಿತು ಎಂದು ಬ್ಯಾಂಕಿನವರು ಈಗಲೂ ಹೇಳುತ್ತಾರೆ.

ಅದೇ 2005ರಲ್ಲಿ ಬೆಂಗಳೂರು ಪೊಲೀಸರು ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡುವ ಆದೇಶ ಹೊರಡಿಸಿದರು. ಗುರಿ ಇದ್ದದ್ದು ಹೆಣ್ಣುಮಕ್ಕಳನ್ನು ಕುಣಿಸುವ ಬಾರುಗಳು. ಬೆಂಗಳೂರಿನ ಪೊಲೀಸ್ ಭಾಷೆಯಲ್ಲಿ ಅವು ‘ಲೈವ್ ಬ್ಯಾಂಡ್’. ಮೂಲೆಯಲ್ಲಿ ಕೂತು ಬ್ಲೂಸ್ ನುಡಿಸುವ ನಡುವಯಸ್ಸಿನ ಮನುಷ್ಯನೂ ಲೈವ್ ಬ್ಯಾಂಡೇ! ಬಾರುಗಳ ಸಂಘ ನ್ಯಾಯಾಲಯಕ್ಕೆ ಹೋಯಿತು, ವರ್ಷಗಳು ಉರುಳಿದವು, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷದ ನಡುವಿನಲ್ಲಿ ಪೊಲೀಸರು ಪಬ್ಬು ಪಬ್ಬಿಗೆ ಹೋಗಿ ಪರವಾನಗಿ ಕೇಳತೊಡಗಿದರು. ಪರವಾನಗಿಗೆ ಕಟ್ಟಡದ ಸ್ವಾಧೀನಾನುಭವ ಪ್ರಮಾಣಪತ್ರ ಬೇಕಿತ್ತು. ಬೆಂಗಳೂರಿನಲ್ಲಿ ಅದಿಲ್ಲದ ಕಟ್ಟಡಗಳೇ ಹೆಚ್ಚು. ಹಾಡು ನಿಂತಿತು. ಪಬ್ಬುಗಳೇ ತುಂಬಿದ ಇಂದಿರಾನಗರದ ನಿವಾಸಿಗಳಿಗೆ ನಿದ್ದೆ ಬೇಕಿತ್ತು, ಅವರ ದೂರು ಸುಳ್ಳಲ್ಲ. ಆದರೆ ಡಿಜೆ ಡಬ್ಬದ ಎದೆ ನಡುಗಿಸುವ ಸದ್ದಿಗೂ ಒಂದು ಗಿಟಾರಿಗೂ ಒಂದೇ ಕಾನೂನಿನ ಅಳತೆಗೋಲು ಹಿಡಿದದ್ದು ಕಿವುಡರ ಕೆಲಸ. ಸ್ವಂತ ಹಾಡಿನ ತಂಡಗಳನ್ನು ಆದರದಿಂದ ಕರೆಯುತ್ತಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. ಸಣ್ಣ ಕೋಣೆಯಾದರೂ ಇದೆ ಎಂದುಕೊಂಡಿದ್ದವರಿಗೆ ಅದೂ ಖಚಿತವಲ್ಲ ಎಂದಾಯಿತು.

ನ್ಯೂಯಾರ್ಕಿನ ಗಿಟಾರ್ ವಾದಕ ಲೆಸ್ ಪಾಲ್‌ನ ಹೆಸರು ಜಗಳಕ್ಕೆ ಬರುವುದು ಈ ಹಂತದಲ್ಲಿ. 1948ರ ಕಾರು ಅಪಘಾತದಲ್ಲಿ ಮುರಿದ ಮೊಣಕೈಯನ್ನು ಗಿಟಾರ್ ಹಿಡಿಯುವ ಕೋನದಲ್ಲೇ ಕೂಡಿಸಿ ಎಂದು ವೈದ್ಯರಿಗೆ ಹೇಳಿದ್ದ ಮಹಾನುಭಾವ. 1984ರಿಂದ ಪ್ರತಿ ಸೋಮವಾರ ಫ್ಯಾಟ್ ಟ್ಯೂಸ್‌ಡೇಸ್ ಎಂಬ ಕ್ಲಬ್ಬಿನಲ್ಲಿ, ಆಮೇಲೆ ಇರಿಡಿಯಂನಲ್ಲಿ ನುಡಿಸಿದ. ಸಂಧಿವಾತದಿಂದ ಬೆರಳುಗಳು ಒಂದೊಂದಾಗಿ ಕೈಕೊಟ್ಟವು, ಉಳಿದವುಗಳಲ್ಲೇ ನುಡಿಸಿದ. 2009ರ ಆಗಸ್ಟ್‌ನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡ ವರ್ಷದವರೆಗೂ ಸೋಮವಾರ ಅವನದೇ. ‘ಆ ಕ್ಲಬ್ಬುಗಳೋರು ಇಪ್ಪತ್ತೈದು ವರ್ಷ ಸೋಮವಾರ ಅವ್ನಿಗೆ ಬಿಟ್ಟು ಕೊಟ್ರು, ಅದನ್ನ ಹೇಳ್ರಿ’ ಎಂದು ವ್ಯಾಪಾರಿ. ಬ್ಯಾಂಕಿನವರು ಮೊದಲ ಸಲ ಸುಮ್ಮನಾದದ್ದು ಆಗ.

ಈಗ ಬೆಳೆಗಾರರಲ್ಲೊಬ್ಬರು ಬೇರೆ ಕೊಕ್ಕೆ ಹಾಕಿದ್ದಾರೆ. ಕಾಫಿ ಕೊಯ್ಲು ಮುಗಿದು, ಕಣ ಖಾಲಿಯಾಗಿ, ಹೂಮಳೆಗೆ ಕಾಯುವ ಮಾರ್ಚಿನಲ್ಲಿ ಬೆಂಗಳೂರಿನಿಂದ ಒಬ್ಬ ಹಿರಿಯ ಗಿಟಾರ್ ವಾದಕರನ್ನು ಕರೆಸಿ ಗೋಡೌನಿನಲ್ಲಿ ಒಂದು ಮಧ್ಯಾಹ್ನದ ಕಾರ್ಯಕ್ರಮ ಇಡುವುದು. ನಲವತ್ತು ಕುರ್ಚಿ, ತಲೆಗಿಷ್ಟು ಅಂತ ದುಡ್ಡು, ಸಂಭಾವನೆ ಮುಂಗಡ. ಸಂಜೆ ಇಡುವಂತಿಲ್ಲ, ಕತ್ತಲಾದರೆ ಕಾಡಾನೆಗಳು ರಸ್ತೆಗೆ ಇಳಿಯುತ್ತವೆ, ಬಂದವರು ಮನೆ ಸೇರಬೇಕಲ್ಲ. ಠಾಣೆಗೂ ಒಂದು ಅರ್ಜಿ ಕೊಡಬೇಕು. ಕೆಲವು ವರ್ಷದ ಹಿಂದೆ ಆಲೂರು ತಾಲೂಕಿನ ಎಸ್ಟೇಟೊಂದರಲ್ಲಿ ರೇವ್ ಪಾರ್ಟಿಯ ಮೇಲೆ ಪೊಲೀಸ್ ದಾಳಿಯಾದ ಮೇಲೆ, ಎಸ್ಟೇಟು ಮತ್ತು ಸಂಗೀತ ಎಂಬೆರಡು ಪದ ಒಟ್ಟಿಗೆ ಬಂದರೆ ಎಲ್ಲರ ಹುಬ್ಬೂ ಮೇಲೇರುತ್ತದೆ. ಅರ್ಜಿ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಕಾರ್ಯಕ್ರಮದ ಸ್ವರೂಪ ಎಂಬ ಜಾಗದಲ್ಲಿ ಏನು ಬರೆಯಬೇಕು ಎಂಬುದರ ಮೇಲೆ ಹೊಸ ಜಗಳ ಹತ್ತಿದೆ. ವ್ಯಾಪಾರಿಯದು ‘ಸಂಗೀತ ಕಛೇರಿ’ ಅಂತ ಬರೆದುಬಿಡು ಎಂಬ ಸಲಹೆ. ಬ್ಯಾಂಕಿನವರು ಒಪ್ಪುತ್ತಿಲ್ಲ, ಬಂದವರು ಪಿಟೀಲು ಮೃದಂಗ ಹುಡುಕಿದರೆ ಯಾರು ಜವಾಬ್ದಾರಿ ಎನ್ನುತ್ತಿದ್ದಾರೆ.