ಆಸ್ಪತ್ರೆಯ ಮಂಚದ ಕಂಬಿ, ನಿಮ್ಮ ಫೋನು, ನನ್ನ ಸ್ಟೆತೊಸ್ಕೋಪು

ನಾನು ಪುಣೆಯಲ್ಲಿ ಹೃದ್ರೋಗ ವೈದ್ಯ. ಈ ವಾರ ಹೃದಯ ಬಿಟ್ಟು ಕೈಗಳ ಬಗ್ಗೆ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಬೈಪಾಸ್ ಆದ ಹಿರಿಯರೊಬ್ಬರು ನಮ್ಮ ವಾರ್ಡಿನಲ್ಲಿದ್ದರು. ವಿಜಯಪುರದ ಕಡೆಯವರು, ಮಗನ ಮನೆಗೆ ಬಂದವರು. ಭಾನುವಾರ ಸಂಜೆ ಪರಿಚಯದ ಕನ್ನಡ ಮನೆಗಳವರೆಲ್ಲ ನೋಡಲು ಬಂದರು. ಪರಊರಿನಲ್ಲಿ ನಮ್ಮವರಿಗೆ ನಾವೇ ತಾನೆ, ತಪ್ಪೆನ್ನಲಾರೆ. ಅಷ್ಟರಲ್ಲಿ ಊರಿಂದ ವಿಡಿಯೊ ಕಾಲ್. ಫೋನು ಕೈಯಿಂದ ಕೈಗೆ ಹೋಯಿತು, ಹಾಸಿಗೆಯ ಮೇಲೆ ಬಿತ್ತು, ಕೊನೆಗೆ ಅಜ್ಜನ ಕೈ ಸೇರಿತು. ಅವರು ಮಾತಾಡುತ್ತಲೇ ಎದೆಯ ಪಟ್ಟಿ ಸರಿಮಾಡಿಕೊಂಡರು. ಮೂರು ದಿನಕ್ಕೆ ಜ್ವರ, ಹೊಲಿಗೆಯಲ್ಲಿ ಕೀವು. ಮನೆಗೆ ಹೊರಡಬೇಕಾದವರು ಮತ್ತೆ ಮೂರು ವಾರ ಅಲ್ಲೇ ಉಳಿದರು.

ಫೋನಿನಿಂದಲೇ ಆಯಿತೆಂದು ಹೇಳಲಾರೆ. ನನ್ನ ಸ್ಟೆತೊಸ್ಕೋಪಿನಿಂದಲೂ ಆಗಿರಬಹುದು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಿನೀವಾದ ವೈದ್ಯರು ಒಬ್ಬ ರೋಗಿಯನ್ನು ಪರೀಕ್ಷಿಸಿದ ಕೂಡಲೇ ಕೈ ಮತ್ತು ಸ್ಟೆತೊಸ್ಕೋಪ್ ಎರಡನ್ನೂ ತಪಾಸಣೆ ಮಾಡಿದರು. ಬೆರಳ ತುದಿಯಲ್ಲಿ ಬ್ಯಾಕ್ಟೀರಿಯಾ ಅತಿ ಹೆಚ್ಚು, ನಂತರ ಎದೆಗಿಡುವ ಬಿಲ್ಲೆಯ ಮೇಲೆ. ಹೆಬ್ಬೆರಳ ಬುಡದಲ್ಲಿ ಅದಕ್ಕಿಂತ ಕಡಿಮೆ!

ಸ್ಟ್ಯಾಫಿಲೊಕಾಕಸ್, ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಒಣಗಿದ ಕಂಬಿ, ಸ್ವಿಚ್ಚು, ಮೇಜಿನ ಮೇಲೆ ತಿಂಗಳುಗಟ್ಟಲೆ ಬದುಕಬಲ್ಲವು. ಕಣ್ಣಿಗೆ ಎಲ್ಲವೂ ಚೊಕ್ಕಟವೇ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕೈತೊಳೆಯುವ ಐದು ಸಂದರ್ಭಗಳಲ್ಲಿ ಕೊನೆಯದು, ರೋಗಿಯನ್ನು ಮುಟ್ಟದೆ ಬರೀ ಅವರ ಮಂಚ, ಮೇಜು ಮುಟ್ಟಿದ ಮೇಲೂ ಕೈ ಶುಚಿ ಮಾಡಿಕೊಳ್ಳುವುದು. ನಾವು ವೈದ್ಯರು ಹೆಚ್ಚಾಗಿ ಮರೆಯುವುದೂ ಇದನ್ನೇ.

ಸಾಮಾನ್ಯವಾಗಿ ಸ್ಯಾನಿಟೈಸರ್ ಸಾಕು. ಆದರೆ ಆಂಟಿಬಯಾಟಿಕ್ ತೆಗೆದುಕೊಂಡವರಿಗೆ ಭೇದಿ ಹತ್ತಿಸುವ ಸಿ. ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅದಕ್ಕೆ ಸಾಯುವುದಿಲ್ಲ. ಆ ರೋಗಿಯ ಕೋಣೆಯಿಂದ ಬಂದರೆ ಸೋಪು ಹಚ್ಚಿ ಉಜ್ಜಿ, ನೀರಿನಲ್ಲಿ ತೊಳೆಯಲೇಬೇಕು.

ನೋಡಲು ಹೋದಾಗ ಒಳಗೆ ಕಾಲಿಡುವಾಗಲೂ ಹೊರಡುವಾಗಲೂ ಕೈ ತೊಳೆಯಿರಿ. ಮಂಚದ ಮೇಲೆ ಕೂರಬೇಡಿ, ಬ್ಯಾಗೂ ಅಲ್ಲಿಡಬೇಡಿ. ವಿಡಿಯೊ ಕಾಲ್ ಬಂದರೆ ಫೋನನ್ನು ನೀವೇ ಹಿಡಿದು ತೋರಿಸಿ. ಸಲೈನ್ ಹಾಕಿದ ಸೂಜಿ, ಹೊಲಿಗೆಯ ಪಟ್ಟಿ ಮುಟ್ಟಲೇಬೇಡಿ. ಕೃತಕ ಕವಾಟ ಹಾಕಿಸಿಕೊಂಡವರಿದ್ದರಂತೂ ಇನ್ನೂ ಎಚ್ಚರ: ರಕ್ತಕ್ಕೆ ಸೇರಿದ ಸೋಂಕು ಕವಾಟದ ಮೇಲೆ ಕೂತರೆ ವಾರಗಟ್ಟಲೆ ಇಂಜೆಕ್ಷನ್, ಕೆಲವೊಮ್ಮೆ ಮತ್ತೆ ಆಪರೇಷನ್.

ವೈದ್ಯರನ್ನು ಕೇಳಲು ಸಂಕೋಚ ಬೇಡ. ಆ ಹಿರಿಯರ ಸೊಸೆ ಒಂದು ಬೆಳಿಗ್ಗೆ ನನ್ನ ಕೊರಳು ನೋಡಿ ಕೇಳಿದರು, "ಡಾಕ್ಟ್ರ, ಅದನ್ನ ಒರೆಸೀರೇನ್ರಿ?"

ಒರೆಸಿರಲಿಲ್ಲ.