ಹಳೆಯ ಸರ್ವರಿಗೆ ಹೊಸ ಡ್ರೈವರ್: ನಿಮ್ಮ ಹಾಲಿನ ಲೆಕ್ಕ ಎಲ್ಲಿ ನಿಲ್ಲುತ್ತದೆ?



ಡ್ರೈವರ್ ಎಂದ ಕೂಡಲೆ ನಿಮಗೆ ಹಾಲಿನ ಟ್ಯಾಂಕರಿನ ಡ್ರೈವರ್ ನೆನಪಾಗುವುದು ಸಹಜ. ಇಲ್ಲಿ ಹೇಳಹೊರಟಿರುವುದು ಬೇರೆ ಡ್ರೈವರ್ ವಿಷಯ. ಇವನು ಕಣ್ಣಿಗೆ ಕಾಣುವುದಿಲ್ಲ, ಗಣಕಯಂತ್ರದ ಒಳಗೆ ಇರುತ್ತಾನೆ. ಆದರೆ ಇವನು ಮುಷ್ಕರ ಹೂಡಿದರೂ ನಿಮ್ಮ ಬಟವಾಡೆ ನಿಲ್ಲಬಹುದು. ಆದ್ದರಿಂದ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಹಾಸನ ತಾಲ್ಲೂಕಿನ ದುದ್ದ ಹೋಬಳಿಯ ಒಂದು ಊರಿನ ಸಂಘವನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಿಗ್ಗೆ ನೀವು ಕ್ಯಾನಿನಲ್ಲಿ ಹಾಲು ತರುತ್ತೀರಿ. ಎಲೆಕ್ಟ್ರಾನಿಕ್ ತಕ್ಕಡಿ ಅಳತೆ ಹೇಳುತ್ತದೆ. ಪಕ್ಕದ ಯಂತ್ರ ಫ್ಯಾಟ್ ಮತ್ತು ಎಸ್.ಎನ್.ಎಫ್. ಹೇಳುತ್ತದೆ. ನಿಮ್ಮ ಕೈಗೆ ಚೀಟಿ ಬರುತ್ತದೆ. ಗರ್ಬರ್ ವಿಧಾನದಲ್ಲಿ ಆಮ್ಲ ಹಾಕಿ, ಬ್ಯುಟಿರೋಮೀಟರ್ ತಿರುಗಿಸಿ, ಪುಸ್ತಕದಲ್ಲಿ ಕೈಯಿಂದ ಬರೆಯುತ್ತಿದ್ದ ಕಾಲದಲ್ಲಿ ಲೆಕ್ಕ ಊರಿನಲ್ಲೇ ಇರುತ್ತಿತ್ತು. ಗಣಕಯಂತ್ರ ಬಂದ ಸಂಘಗಳಲ್ಲಿ ಅದೇ ಅಂಕಿಗಳು ತಂತಿಯ ಮೂಲಕ ಊರು ಬಿಟ್ಟು ಹೋಗಿ, ದೂರದಲ್ಲಿರುವ ಇನ್ನೊಂದು ಗಣಕಯಂತ್ರದಲ್ಲಿ ಶೇಖರವಾಗುತ್ತವೆ. ಹೀಗೆ ಹಲವರು ಕಳಿಸಿದ್ದನ್ನು ಇಟ್ಟುಕೊಂಡು, ಕೇಳಿದಾಗ ಕೊಡುವ ಗಣಕಯಂತ್ರಕ್ಕೆ ಸರ್ವರ್ ಎನ್ನುತ್ತಾರೆ.

ರಾಜ್ಯ ಸರ್ಕಾರದ ಪ್ರೋತ್ಸಾಹಧನವೂ ಇಂಥ ಅಂಕಿಗಳನ್ನೇ ಆಧರಿಸಿದೆ. 2008ರಲ್ಲಿ ಲೀಟರಿಗೆ 2 ರೂ. ಇದ್ದದ್ದು 2013ರಲ್ಲಿ 4 ರೂ. ಆಯಿತು, 2016ರಲ್ಲಿ 5 ರೂ. ಆಯಿತು. ದಿನಕ್ಕೆ 10 ಲೀಟರ್ ಹಾಕುವ ಮನೆಗೆ 5 ರೂ.ನಂತೆ ತಿಂಗಳಿಗೆ 1,500 ರೂ. ಬಂತು. ಅಂಕಿ ಸರ್ವರಿಗೆ ತಲುಪದಿದ್ದರೆ ಈ ಹಣ ತಡವಾಗುತ್ತದೆ. ಅಂಕಿ ಕಳೆದೇ ಹೋದರೆ ಹುಡುಕಿ ತರುವ ಕಷ್ಟ ಕಾರ್ಯದರ್ಶಿಗೂ ನಿಮಗೂ ಇಬ್ಬರಿಗೂ.

ಈಗ ಡ್ರೈವರ್ ವಿಷಯಕ್ಕೆ ಬರೋಣ. ಸರ್ವರಿನಲ್ಲಿ ತಂತಿ ಸಿಕ್ಕಿಸುವ ಒಂದು ಬಿಲ್ಲೆ ಇರುತ್ತದೆ, ಅದು ನೆಟ್‌ವರ್ಕ್ ಕಾರ್ಡ್. ಸರ್ವರನ್ನು ನಡೆಸುವ ಮೂಲ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಮ್. ಇವೆರಡಕ್ಕೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ನಡುವೆ ನಿಂತು ಕೆಲಸ ಮಾಡಿಸುವ ಚಿಕ್ಕ ತಂತ್ರಾಂಶವೇ ಡ್ರೈವರ್. ನಿಮ್ಮ ಕೊಟ್ಟಿಗೆಯ ಮಾತಿನಲ್ಲಿ ಹೇಳುವುದಾದರೆ, ಇದು ಹಸುವಿಗೆ ಪರಿಚಯವಿರುವ ಕೈ. ಕೆಚ್ಚಲೂ ಸರಿಯಿದೆ, ಪಾತ್ರೆಯೂ ಸರಿಯಿದೆ, ಆದರೆ ಕೈ ಬದಲಾದರೆ ಹಸು ಸೊರ ಬಿಡುವುದಿಲ್ಲ. ಒಮ್ಮೊಮ್ಮೆ ಒದೆಯುವುದೂ ಉಂಟು.

ಹಾಗಾದರೆ ಪರಿಚಯದ ಕೈಯನ್ನು ಬದಲಿಸುವುದೇಕೆ? ಹಳೆಯ ಕಾರ್ಡ್ ಸುಟ್ಟುಹೋಗಿ ಹೊಸದು ಹಾಕಿದಾಗ ಅದಕ್ಕೆ ತಕ್ಕ ಡ್ರೈವರ್ ಬೇಕು. ಸಂಪರ್ಕ ಪದೇ ಪದೇ ಕಡಿಯುತ್ತಿದ್ದು, ಆ ದೋಷವನ್ನು ತಯಾರಕರು ಹೊಸ ಡ್ರೈವರಿನಲ್ಲಿ ಸರಿಪಡಿಸಿದ್ದರೆ ಆಗಲೂ ಬೇಕು. ಇಂಥ ಕಾರಣ ಇಲ್ಲದೆ, ಸುಮ್ಮನೆ ಹೊಸದು ಬಂದಿದೆಯೆಂದು, ನಡೆಯುತ್ತಿರುವ ಹಳೆಯ ಸರ್ವರನ್ನು ಕೆದಕಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲು ತಂತಿ ಬದಲಿಸಿ ನೋಡಲಿ, ಸ್ವಿಚ್ಚಿನ ಬೇರೆ ಕಿಂಡಿಗೆ ಸಿಕ್ಕಿಸಿ ನೋಡಲಿ. ಇಲಿ ಕಡಿದ ತಂತಿಗೆ ಡ್ರೈವರಿನಲ್ಲಿ ಔಷಧಿಯಿಲ್ಲ.

ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಈ ಕೆಲಸಕ್ಕೆ ತನ್ನದೇ ತೊಡಕುಗಳಿವೆ. ಮೊದಲನೆಯದು ತಮಾಷೆಯಾಗಿದೆ. ಹೊಸ ಕಾರ್ಡನ್ನು ಹಳೆಯ ಸಿಸ್ಟಮ್ ಗುರುತಿಸುವುದಿಲ್ಲ. ಗುರುತಿಸಲು ಡ್ರೈವರ್ ಬೇಕು. ಡ್ರೈವರ್ ಅಂತರಜಾಲದಲ್ಲಿದೆ. ಅಂತರಜಾಲಕ್ಕೆ ಹೋಗಲು ಕಾರ್ಡ್ ಬೇಕು! ಬೇರೆ ಗಣಕಯಂತ್ರದಲ್ಲಿ ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ತರುವುದೇ ಇದಕ್ಕೆ ದಾರಿ. ತರುವಾಗ ಸಿಸ್ಟಮ್‌ನ ಹೆಸರು ಒಂದೇ ಇದ್ದರೆ ಸಾಲದು. 32 ಬಿಟ್ಟೋ 64 ಬಿಟ್ಟೋ ಎಂಬುದೂ ಹೊಂದಬೇಕು. ತರುವುದು ಕಾರ್ಡ್ ಅಥವಾ ಸರ್ವರ್ ತಯಾರಕರ ತಾಣದಿಂದಲೇ ಇರಬೇಕು. ಹಳೆಯ ಡ್ರೈವರುಗಳನ್ನು ತಯಾರಕರು ಕೆಲವು ವರ್ಷಗಳ ಮೇಲೆ ತಮ್ಮ ತಾಣದಿಂದ ತೆಗೆದುಹಾಕುವುದುಂಟು. ಸಿಕ್ಕಾಗಲೇ ಒಂದು ಪ್ರತಿ ತೆಗೆದಿಟ್ಟುಕೊಂಡವರು ಜಾಣರು.

ಎರಡನೆಯದು ಸಹಿಯ ತೊಡಕು. ಟ್ಯಾಂಕರಿನ ಮುಚ್ಚಳಕ್ಕೆ ಸೀಲ್ ಹಾಕಿದಂತೆ ಡ್ರೈವರಿಗೂ ತಯಾರಕರ ಗಣಕ ಸಹಿ ಇರುತ್ತದೆ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಅಪ್‌ಡೇಟ್‌ಗಳಿಗೆ ಎಸ್‌ಎಚ್‌ಎ-2 ಎಂಬ ಹೊಸ ಬಗೆಯ ಸಹಿಗೆ ಬದಲಾಯಿತು. ವಿಂಡೋಸ್ ಸರ್ವರ್ 2008 ಆರ್2ನಂಥ ಹಳೆಯ ಸಿಸ್ಟಮ್‌ಗೆ ಆ ಸಹಿಯನ್ನು ಓದುವ ಅಪ್‌ಡೇಟ್ ಮೊದಲೇ ಹಾಕಿರದಿದ್ದರೆ, ಆ ಸಹಿಯುಳ್ಳ ಒಳ್ಳೆಯ ಡ್ರೈವರನ್ನೂ ಅದು ಕಳ್ಳಮಾಲೆಂದು ತಿಳಿದು ತಿರಸ್ಕರಿಸುತ್ತದೆ. ಆಗ ಸಹಿ ಪರೀಕ್ಷೆಯನ್ನೇ ನಿಲ್ಲಿಸಿ ಹಾಕುತ್ತೇನೆ ಎನ್ನುವ ತಂತ್ರಜ್ಞರೂ ಇದ್ದಾರೆ. ಅದಕ್ಕೆ ಒಪ್ಪಬೇಡಿ. ಅದು ಸೀಲ್ ಒಡೆದ ಟ್ಯಾಂಕರನ್ನು ಒಳಗೆ ಬಿಟ್ಟುಕೊಂಡಂತೆ.

ಮೂರನೆಯದೇ ಹೆಚ್ಚು ಕಾಡುವಂಥದು. ಪ್ರತಿ ಸರ್ವರಿಗೂ ಮನೆ ನಂಬರಿನಂತೆ ಒಂದು ಐ.ಪಿ. ವಿಳಾಸವಿರುತ್ತದೆ. ಸಂಘಗಳ ಗಣಕಯಂತ್ರಗಳು ಆ ವಿಳಾಸ ಹುಡುಕಿಕೊಂಡೇ ಬರುತ್ತವೆ. ಹಳೆಯ ಡ್ರೈವರ್ ತೆಗೆದು ಹೊಸದು ಹಾಕಿದಾಗ ಸಿಸ್ಟಮ್ ಇದನ್ನು ಬೇರೆಯೇ ಕಾರ್ಡ್ ಎಂದು ತಿಳಿದು, ಬರೆದಿಟ್ಟ ವಿಳಾಸವನ್ನು ಬಿಟ್ಟುಬಿಡಬಹುದು. ಮತ್ತೆ ಅದೇ ವಿಳಾಸ ಬರೆಯಲು ಹೋದರೆ, ಅದು ಇನ್ನೊಂದು ಕಾರ್ಡಿಗೆ ಸೇರಿದೆ ಎಂಬ ಎಚ್ಚರಿಕೆ ಬರುತ್ತದೆ. ಆ ಇನ್ನೊಂದು ಕಾರ್ಡ್ ಎಂದರೆ ಕಣ್ಣಿಗೆ ಕಾಣದೆ ಉಳಿದ ಹಳೆಯ ಕಾರ್ಡಿನ ದೆವ್ವ! ಡಿವೈಸ್ ಮ್ಯಾನೇಜರಿನಲ್ಲಿ ಅಡಗಿರುವ ಸಾಧನಗಳನ್ನು ತೋರಿಸುವಂತೆ ಮಾಡಿ ಅದನ್ನು ಅಳಿಸಬೇಕಾಗುತ್ತದೆ.

ವೇಗದ ಹೊಂದಾಣಿಕೆಯೂ ಹೀಗೆಯೇ ಕಳೆದುಹೋಗಬಹುದು. ತಂತಿಯ ಒಂದು ತುದಿಯಲ್ಲಿ ವೇಗವನ್ನು ಕೈಯಿಂದ ನಿಗದಿ ಮಾಡಿ, ಇನ್ನೊಂದು ತುದಿ ಸ್ವಯಂಚಾಲಿತವಾಗಿದ್ದರೆ ಎರಡಕ್ಕೂ ತಾಳ ತಪ್ಪುತ್ತದೆ. ಆಗ ಸಂಪರ್ಕ ಇರುವಂತೆಯೇ ಕಾಣುತ್ತದೆ, ಸಣ್ಣ ಸಂದೇಶ ಹೋಗುತ್ತದೆ, ಆದರೆ ಇಡೀ ದಿನದ ಲೆಕ್ಕದ ಕಡತ ತೆವಳುತ್ತದೆ. ಆದ್ದರಿಂದ ಐ.ಪಿ. ವಿಳಾಸ, ವೇಗ, ಈಗಿನ ಡ್ರೈವರಿನ ಆವೃತ್ತಿ ಸಂಖ್ಯೆ ಇವನ್ನು ಕೆಲಸಕ್ಕೆ ಮುಂಚೆ ಕಾಗದದ ಮೇಲೆ ಬರೆದಿಡಬೇಕು. ಕಾಗದದ ಮೇಲೆಯೇ! ಸರ್ವರಿನೊಳಗೆ ಬರೆದಿಟ್ಟರೆ ಬೇಕಾದಾಗ ಓದಲು ಸಿಗುವುದಿಲ್ಲ.

ಕೆಲಸ ಶುರು ಮಾಡುವ ಮೊದಲು ಲೆಕ್ಕದ ಪೂರ್ತಿ ನಕಲು ಬೇರೆ ಡಿಸ್ಕಿನಲ್ಲಿ ಇರಬೇಕು, ಅದು ತೆರೆಯುತ್ತದೆಯೇ ಎಂದು ನೋಡಿರಬೇಕು. ಬೆಳಗಿನ ಮತ್ತು ಸಂಜೆಯ ಶೇಖರಣೆಯ ನಡುವಿನ ಹೊತ್ತು ಇದಕ್ಕೆ ತಕ್ಕದ್ದು. ಬಟವಾಡೆಯ ಹಿಂದಿನ ದಿನ ಬೇಡವೇ ಬೇಡ. ದೂರದಲ್ಲಿ ಕುಳಿತು ನೆಟ್‌ವರ್ಕ್ ಮೂಲಕವೇ ನೆಟ್‌ವರ್ಕ್ ಡ್ರೈವರ್ ಬದಲಿಸುವುದು ಕೂತ ಕೊಂಬೆಯನ್ನೇ ಕಡಿದಂತೆ. ಮಧ್ಯದಲ್ಲಿ ಸಂಪರ್ಕ ಹೋದರೆ ಮರಳಿ ಬರುವ ದಾರಿಯಿಲ್ಲ. ಯಾರಾದರೊಬ್ಬರು ಸರ್ವರಿನ ಮುಂದೆಯೇ ಕುಳಿತಿರಬೇಕು. ಹೊಸದು ಹೊಂದದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿರುವ ರೋಲ್ ಬ್ಯಾಕ್ ಗುಂಡಿಯಿಂದ ಹಳೆಯ ಡ್ರೈವರಿಗೆ ಮರಳಬಹುದು. ಆದರೆ ಹಳೆಯದನ್ನು ಪೂರ್ತಿ ಕಿತ್ತುಹಾಕಿದ್ದರೆ ಈ ಗುಂಡಿಯನ್ನು ನಂಬುವಂತಿಲ್ಲ.

ನಿಮ್ಮ ಸಂಘದಲ್ಲೇ ಇದರ ತಮ್ಮನೊಬ್ಬ ಇದ್ದಾನೆ. ಹಾಲು ಪರೀಕ್ಷಾ ಯಂತ್ರವನ್ನೂ ಗಣಕಯಂತ್ರವನ್ನೂ ಯು.ಎಸ್.ಬಿ. ಕೇಬಲಿನಿಂದ ಜೋಡಿಸಿದ್ದರೆ ಅದಕ್ಕೂ ಡ್ರೈವರ್ ಬೇಕು. ಇಂಥ ಕೇಬಲುಗಳ ಚಿಪ್ ತಯಾರಿಸುವ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ತಾನಾಗಿಯೇ ಬಂದು, ಅದರ ಹೆಸರಿನ ನಕಲಿ ಚಿಪ್ಪುಗಳನ್ನು ಗಣಕಯಂತ್ರ ಗುರುತಿಸದಂತೆ ಮಾಡಿತು. ನಿನ್ನೆ ಸಂಜೆ ನಡೆದ ಕೇಬಲ್ ಇಂದು ಬೆಳಿಗ್ಗೆ ಸತ್ತಂತೆ ಬಿದ್ದಿದ್ದರೆ ಯಂತ್ರವನ್ನು ಬೈಯುವ ಮುನ್ನ ಇದನ್ನೂ ಪರಿಶೀಲಿಸಲು ಹೇಳಿ.

ಇನ್ನೊಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಹೊಸ ಡ್ರೈವರ್ ಹಾಕಿದ ಮಾತ್ರಕ್ಕೆ ಹಳೆಯ ಸಿಸ್ಟಮ್ ಹೊಸದಾಗುವುದಿಲ್ಲ. ವಿಂಡೋಸ್ ಸರ್ವರ್ 2003ಕ್ಕೆ ತಯಾರಕರ ಬೆಂಬಲ 2015ರ ಜುಲೈ 14ರಂದು ಮುಗಿಯಿತು, 2008ಕ್ಕೆ 2020ರ ಜನವರಿ 14ರಂದು, 2012ಕ್ಕೆ 2023ರ ಅಕ್ಟೋಬರ್ 10ರಂದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಹಾವಳಿ ಲೋಕದ ತುಂಬ ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತಲ್ಲ, ಅದು ನುಗ್ಗಿದ್ದು ದೋಷ ತಿದ್ದದೆ ಬಿಟ್ಟ ವಿಂಡೋಸ್ ಯಂತ್ರಗಳಿಗೆ. ಅಂಥ ಬಿರುಕನ್ನು ಡ್ರೈವರ್ ಮುಚ್ಚುವುದಿಲ್ಲ. ಹಳೆಯ ಸರ್ವರ್ ಬದಲಿಸಲು ಹಣ ಕೇಳಿ ಪ್ರಸ್ತಾವ ಬಂದರೆ, ಇದೂ ಒಂದು ದುಂದುವೆಚ್ಚ ಎಂದು ತಳ್ಳಿಹಾಕದೆ ದಿನಾಂಕಗಳನ್ನು ಕೇಳಿ ನೋಡಿ ತೀರ್ಮಾನಿಸಿ.

ಸರ್ವರ್ ಕೆಲಸಕ್ಕೆಂದು ಸಂಪರ್ಕ ನಿಲ್ಲಿಸುವ ದಿನ ನಿಮ್ಮ ಪಾಲಿನ ಕೆಲಸವೂ ಒಂದಿದೆ. ಆ ಹೊತ್ತಿನ ಚೀಟಿಯನ್ನು ಎಸೆಯಬೇಡಿ. ಯಂತ್ರದ ಚೀಟಿ ಬಾರದಿದ್ದರೆ ಲೀಟರ್, ಫ್ಯಾಟ್, ಎಸ್.ಎನ್.ಎಫ್. ಮೂರನ್ನೂ ಪಾಸ್ ಪುಸ್ತಕದಲ್ಲಿ ಕೈಯಿಂದ ಬರೆಸಿ, ಸಹಿ ಹಾಕಿಸಿಕೊಳ್ಳಿ. ಮುಂದಿನ ಬಟವಾಡೆ ಪಟ್ಟಿಯಲ್ಲಿ ಆ ದಿನದ ಹಾಲು ಸೇರಿದೆಯೇ ನೋಡಿ. ಇಲ್ಲದಿದ್ದರೆ ಚೀಟಿ ಹಿಡಿದು ಅಂದೇ ಕಾರ್ಯದರ್ಶಿಯವರಿಗೆ ತಿಳಿಸಿ.