ನಿಮಗಿದು ಗೊತ್ತೆ? ಮಾಟಗಾತಿಯ ಕೈಹಿಡಿದ ನಿಂಟೆಂಡೊ

ಹೊಡೆದಾಟದ ವಿಡಿಯೊ ಗೇಮ್‌ಗಳಿಗೆ ಹೆಸರಾದದ್ದು ಜಪಾನಿನ ಒಸಾಕಾ ನಗರದ ಪ್ಲಾಟಿನಮ್‌ಗೇಮ್ಸ್ ಸ್ಟುಡಿಯೊ. ಅದರ ‘ಬಯೊನೆಟ್ಟಾ’ 2009ರಲ್ಲಿ ಬಂದಾಗ ಪ್ರಕಾಶಕರು ಸೆಗಾ ಕಂಪನಿಯವರು. ಕೂದಲನ್ನೇ ಆಯುಧವಾಗಿಸಿಕೊಂಡ ಮಾಟಗಾತಿ ಇದರ ನಾಯಕಿ.

● ಎರಡನೇ ಭಾಗದ ಕೆಲಸ ಶುರುವಾದ ಮೇಲೆ ಸೆಗಾ ಹಿಂದೆ ಸರಿಯಿತು. ಅರ್ಧಕ್ಕೆ ನಿಂತ ಗೇಮ್‌ಗೆ ಹಣ ಹೂಡಲು ಮುಂದೆ ಬಂದದ್ದು ನೆರೆಯ ಕ್ಯೋಟೊ ನಗರದ ನಿಂಟೆಂಡೊ. 2014ರಲ್ಲಿ ‘ಬಯೊನೆಟ್ಟಾ 2’ ನಿಂಟೆಂಡೊದ ‘ವೀ ಯೂ’ ಕನ್ಸೋಲ್‌ಗೆ ಮಾತ್ರ ಬಿಡುಗಡೆಯಾಯಿತು. ಪಾತ್ರದ ಹಕ್ಕು ಮಾತ್ರ ಸೆಗಾ ಬಳಿಯೇ ಉಳಿಯಿತು.

● ಮಕ್ಕಳು, ಮನೆಮಂದಿಯೆಲ್ಲ ಆಡುವ ಗೇಮ್‌ಗಳ ಕಂಪನಿ ಇಂಥ ರಕ್ತಪಾತದ ಆಟಕ್ಕೆ ಹಣ ಹಾಕಿದ್ದು ಹಲವರ ಹುಬ್ಬೇರಿಸಿತು. ‘ವೀ ಯೂ’ ಆವೃತ್ತಿಯಲ್ಲಿ ಮಾಟಗಾತಿಗೆ ನಿಂಟೆಂಡೊ ಲೋಕದ ವೇಷಗಳೂ ಸಿಕ್ಕವು. ರಾಜಕುಮಾರಿ ಪೀಚ್‌ಳ ಉಡುಗೆ ತೊಟ್ಟರೆ, ಶತ್ರುಗಳ ಮೇಲೆ ಬೀಳುವುದು ಮಾರಿಯೊನ ಬದ್ಧವೈರಿ ಬೌಸರ್‌ನ ಮುಷ್ಟಿ!

● ‘ದಿ ವಂಡರ್‌ಫುಲ್ 101’ (2013), ‘ಸ್ಟಾರ್ ಫಾಕ್ಸ್ ಝೀರೊ’ (2016), ‘ಆಸ್ಟ್ರಲ್ ಚೈನ್’ (2019), ‘ಬಯೊನೆಟ್ಟಾ 3’ (2022) ಕೂಡ ನಿಂಟೆಂಡೊ–ಪ್ಲಾಟಿನಮ್‌ಗೇಮ್ಸ್ ಜೋಡಿಯ ಗೇಮ್‌ಗಳು. ‘ಸ್ಟಾರ್ ಫಾಕ್ಸ್ ಝೀರೊ’ವನ್ನು ಎರಡೂ ಕಂಪನಿಗಳು ಒಟ್ಟಿಗೆ ಕೂತು ರೂಪಿಸಿದವು.

● ‘ದಿ ವಂಡರ್‌ಫುಲ್ 101’ ಅನ್ನು ಹೊಸದಾಗಿ ತರಲು 2020ರಲ್ಲಿ ಪ್ಲಾಟಿನಮ್‌ಗೇಮ್ಸ್ ಅಭಿಮಾನಿಗಳಿಂದಲೇ ಹಣ ಸಂಗ್ರಹಿಸಿತು. ಹೀಗಾಗಿ ನಿಂಟೆಂಡೊ ಪ್ರಕಟಿಸಿದ್ದ ಆ ಗೇಮ್ ಎದುರಾಳಿ ಸೋನಿಯ ಪ್ಲೇಸ್ಟೇಷನ್ 4ರಲ್ಲೂ ಕಾಣಿಸಿಕೊಂಡಿತು.